ಬೀಗದ ಕೈ ಕೊಡುವ ತನಕ: ಊರವರ ದುಡ್ಡಿನಿಂದ ಮನೆ ಕಟ್ಟಲು ಹೊರಟವರಿಗೆ

ನಮ್ಮ ಕ್ಲಬ್ಬಿನವರು ಮೊದಲು ಕಟ್ಟಲು ಹೊರಟ ಮನೆ ಲಿಂಟಲ್ ತನಕ ಬಂದು ನಿಂತುಬಿಟ್ಟಿತು. ದುಡ್ಡು ಮುಗಿಯಿತು, ಮಳೆ ಬಂತು. ಎರಡು ಮಳೆಗಾಲ ಆ ಕೆಂಪು ಕಲ್ಲಿನ ಗೋಡೆಗಳು ಹಾಗೇ ನೆನೆದವು. ಪಾಚಿ ಹಿಡಿದು ಕಪ್ಪಾದವು. ಕಿಟಕಿಗೆ ಬಿಟ್ಟ ಕಂಡಿಯಲ್ಲಿ ಜರಿಗಿಡ ಹುಟ್ಟಿತು. ಪಕ್ಕದ ನೀಲಿ ಟರ್ಪಾಲಿನ ಗುಡಿಸಲಿನಲ್ಲಿ ಆ ಅಮ್ಮ, ಅವರ ಮಗಳು, ಇಬ್ಬರು ಮೊಮ್ಮಕ್ಕಳು ಮೊದಲಿನ ಹಾಗೆಯೇ ಇದ್ದರು. ದಾರಿಯಲ್ಲಿ ಸಿಕ್ಕಿದರೆ ಆ ಅಮ್ಮ ಮನೆಯ ಸುದ್ದಿ ಎತ್ತುತ್ತಿರಲಿಲ್ಲ. "ಊಟ ಆಯ್ತಾ ಮಕ್ಕಳೇ" ಅಂತ ಕೇಳಿ ಹೋಗುತ್ತಿದ್ದರು. ನಮಗೆ ಮುಖ ಎತ್ತಿ ನೋಡಲು ಆಗುತ್ತಿರಲಿಲ್ಲ.

ಮೂರನೇ ವರ್ಷ ಆ ಮನೆ ಮುಗಿಯಿತು. ಆಮೇಲೆ ಬೇರೆ ಮನೆಗಳಿಗೂ ಕೈ ಹಾಕಿದೆವು. ಅಷ್ಟರಲ್ಲಿ ಒಂದು ವಿಷಯ ಚೆನ್ನಾಗಿ ಗೊತ್ತಾಗಿತ್ತು. ಕಾಸರಗೋಡಿನ ಜನ ಕೊಡುತ್ತಾರೆ. ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಎಡವುವುದು ಕೆಲಸದ ಕ್ರಮದಲ್ಲಿ. ಜಾಗದ ಕಾಗದ ನೋಡದೆ ರಶೀದಿ ಪುಸ್ತಕ ಅಚ್ಚು ಹಾಕಿಸುತ್ತೇವೆ. ಗೋಡೆಯ ತನಕ ಲೆಕ್ಕ ಹಾಕಿ ಮಾಡಿನ (ಚಾವಣಿಯ) ಲೆಕ್ಕ ಮರೆಯುತ್ತೇವೆ. ನಿಮ್ಮ ಕ್ಲಬ್ಬು, ಭಜನಾ ಮಂದಿರ, ಜಮಾತ್, ಇಗರ್ಜಿ ಅಥವಾ ಶಾಲೆಯ ಹಳೆ ವಿದ್ಯಾರ್ಥಿ ಸಂಘ ಇಂಥ ಕೆಲಸಕ್ಕೆ ಹೊರಟಿದ್ದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಇಲ್ಲಿ ಬರೆದಿದ್ದೇನೆ.

1. ಮನೆ ಇಲ್ಲದವರನ್ನು ಹುಡುಕುವುದು

ನಮ್ಮಲ್ಲಿ ಮನೆ ಇಲ್ಲದವರು ರಸ್ತೆ ಬದಿಯಲ್ಲಿ ಜಾಸ್ತಿ ಕಾಣುವುದಿಲ್ಲ. ಅಣ್ಣನ ಮನೆಯ ಜಗಲಿಯಲ್ಲಿ ಮಲಗುತ್ತಾರೆ. ಕ್ವಾರ್ಟರ್ಸ್‌ನ ಒಂದೇ ಕೋಣೆಯಲ್ಲಿ ಆರು ಜನ ಇರುತ್ತಾರೆ. ಪುರಂಬೋಕಿನಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಶೀಟು ಕಟ್ಟಿಕೊಂಡಿರುತ್ತಾರೆ. ಗುಡ್ಡೆಯ ಮೇಲಿನ ಕೊರಗರ ಮನೆಗಳಲ್ಲಿ ಗೋಡೆ ಇದ್ದರೂ ಮಾಡು ಸೋರುತ್ತದೆ. ಇವರು ಸಭೆಗೆ ಬಂದು ಕೈ ಎತ್ತಿ ಕೇಳುವವರಲ್ಲ. ಅದಕ್ಕೇ ನೀವೇ ಹೋಗಬೇಕು.

ಕುಟುಂಬಶ್ರೀ ಅಯಲ್ಕೂಟದ (ನೆರೆಹೊರೆಯ ಸ್ವಸಹಾಯ ಗುಂಪಿನ) ಹೆಂಗಸರನ್ನು ಕೇಳಿ. ಯಾರ ಮನೆಯಲ್ಲಿ ಮಳೆ ಬಂದಾಗ ಪಾತ್ರೆ ಇಡುತ್ತಾರೆ ಅಂತ ಅವರಿಗೆ ಗೊತ್ತಿರುವಷ್ಟು ವಾರ್ಡ್ ಮೆಂಬರಿಗೂ ಗೊತ್ತಿರುವುದಿಲ್ಲ. ಆಶಾ ಕಾರ್ಯಕರ್ತೆಯನ್ನೂ ಕೇಳಿ. ಆಮೇಲೆ ಇಬ್ಬರೇ ಹೋಗಿ, ಗುಂಪು ಕಟ್ಟಿಕೊಂಡು ಹೋಗಬೇಡಿ. ಫೋಟೊ ತೆಗೆಯಬೇಡಿ. ಕೂತು ಮಾತಾಡಿ.

ಬಸ್ ಸ್ಟ್ಯಾಂಡಿನಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ಒಬ್ಬಂಟಿಯಾಗಿ ಮಲಗಿರುವವರ ವಿಷಯ ಬೇರೆ. ಅವರಿಗೆ ಗೋಡೆಗಿಂತ ಮೊದಲು ಆರೈಕೆ ಬೇಕು, ಎಷ್ಟೋ ಸಲ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಬೇಕು. ಅಂಥವರಿಗಾಗಿ ಮಂಜೇಶ್ವರದ ಸ್ನೇಹಾಲಯದಂಥ ಕಡೆಗಳಿವೆ. ನಿಮ್ಮ ಸಮಿತಿ ಆ ಕೆಲಸವನ್ನು ಮೈಮೇಲೆ ಹಾಕಿಕೊಳ್ಳುವುದಕ್ಕಿಂತ ಅವರ ಜೊತೆ ಮಾತಾಡುವುದು ಒಳ್ಳೆಯದು.

2. ಜಾಗದ ಕಾಗದ ಮೊದಲು, ರಶೀದಿ ಪುಸ್ತಕ ಆಮೇಲೆ

ಇದನ್ನು ಬಿಟ್ಟು ಮುಂದಿನದು ಯಾವುದನ್ನೂ ಮಾಡಬೇಡಿ. ಆ ಕುಟುಂಬದ ಹೆಸರಿನಲ್ಲಿ ಜಾಗ ಇದೆಯಾ? ಭೂತೆರಿಗೆ ಕಟ್ಟಿದ ರಶೀದಿ ಇದೆಯಾ? ವಿಲೇಜ್ ಆಫೀಸಿನಿಂದ ಕೈವಶ ಪ್ರಮಾಣಪತ್ರ ಸಿಗುತ್ತದಾ? ಅಜ್ಜನ ಹೆಸರಿನಲ್ಲಿ ಜಾಗ ಇದ್ದು ಪಾಲು ಆಗದೆ ಇದ್ದರೆ ಏಳೆಂಟು ಜನರ ಸಹಿ ಬೇಕಾಗುತ್ತದೆ. ಅವರಲ್ಲಿ ಒಬ್ಬರು ಮುಂಬೈಯಲ್ಲಿ, ಒಬ್ಬರು ಮಾತು ಬಿಟ್ಟವರು. ಈ ಸಹಿಗಳು ಸಿಗಲು ಆರು ತಿಂಗಳು ಹಿಡಿದರೂ ಹಿಡಿಯಲಿ. ಮನೆ ಎದ್ದು ನಿಂತ ಮೇಲೆ ತಮ್ಮನ ಮಗ ಬಂದು "ಇದು ನನ್ನ ಪಾಲು" ಅಂದರೆ ಊರವರ ದುಡ್ಡು ಕೋರ್ಟಿಗೆ ಹೋಗುತ್ತದೆ.

ಎರಡನೆಯದು ಗದ್ದೆ. ಕೇರಳದಲ್ಲಿ 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಇದೆ. ಜಾಗ ಡೇಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆಗಳ ಸರ್ಕಾರಿ ಪಟ್ಟಿಯಲ್ಲಿ, ಗದ್ದೆ ಅಂತ ಸೇರಿದ್ದರೆ, ಈಗ ಅಲ್ಲಿ ತೆಂಗಿನ ಮರ ಇದ್ದರೂ ಪಂಚಾಯತ್ ಪರ್ಮಿಟ್ ಕೊಡುವುದಿಲ್ಲ. ಹೆದರಬೇಡಿ, ದಾರಿ ಇದೆ. ಬೇರೆ ಕಡೆ ಮನೆ ಕಟ್ಟಲು ಜಾಗ ಇಲ್ಲದ ಮಾಲೀಕರಿಗೆ ವಾಸದ ಮನೆಗಾಗಿ ಪಂಚಾಯತಿನಲ್ಲಿ 10 ಸೆಂಟ್ಸ್ ತನಕ, ನಗರಸಭೆಯಲ್ಲಿ 5 ಸೆಂಟ್ಸ್ ತನಕ ಅನುಮತಿ ಪಡೆಯಲು ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ಕೃಷಿಭವನಕ್ಕೆ ಹೋಗಿ ಸರ್ವೆ ನಂಬರ್ ಕೊಟ್ಟು ಕೇಳಿ. ಕಡಲ ಬದಿಯ ಜಾಗವಾದರೆ ಕರಾವಳಿ ನಿಯಮವನ್ನೂ ವಿಚಾರಿಸಿ.

ಜಾಗವೇ ಇಲ್ಲದಿದ್ದರೆ? ಕೇರಳ ಸರ್ಕಾರ 2021ರ ಕೊನೆಗೆ 'ಮನಸ್ಸೋಡಿತ್ತಿರಿ ಮಣ್ಣ್' ಅಂತ ಒಂದು ಅಭಿಯಾನ ಶುರು ಮಾಡಿತು. ಮನಸ್ಸಿಟ್ಟು ಒಂದಿಷ್ಟು ಮಣ್ಣು ಕೊಡಿ ಅಂತ ಅದರ ಅರ್ಥ. ಜಾಗ ಇದ್ದವರು ಜಾಗ ಇಲ್ಲದವರಿಗೆ ಮೂರು ನಾಲ್ಕು ಸೆಂಟ್ಸ್ ದಾನ ಮಾಡಲಿ ಅನ್ನುವ ಆಲೋಚನೆ. ನಮ್ಮೂರಲ್ಲಿ ಅಡಿಕೆ ತೋಟದ ಮೇಲಿನ ಗುಡ್ಡೆಯಲ್ಲಿ ಸುಮ್ನೆ ಬಿದ್ದಿರುವ ಜಾಗ ಎಷ್ಟಿದೆ ಅಲ್ವಾ? ಕೊಡುವವರಿಗೆ ಒಂದು ಮಾತು ಹೇಳಿ: ದಾರಿ ಸೇರಿಸಿ ಕೊಡಿ. ದಾರಿ ಇಲ್ಲದ ಮೂರು ಸೆಂಟ್ಸಿಗೆ ಕಲ್ಲಿನ ಲಾರಿ ಹೋಗುವುದಿಲ್ಲ. ಬರೀ ಬಾಯಿ ಮಾತು ಸಾಲದು, ದಾನಪತ್ರ ನೋಂದಣಿ ಆಗಲಿ.

3. ಸರ್ಕಾರದಿಂದ ಎಷ್ಟು ಬರುತ್ತದೆ ಅಂತ ತಿಳಿದುಕೊಳ್ಳಿ

ಊರವರ ದುಡ್ಡು ಸಣ್ಣದು, ಸರ್ಕಾರದ ದುಡ್ಡು ದೊಡ್ಡದು. ಸಣ್ಣ ದುಡ್ಡು ಸರಿಯಾದ ಜಾಗದಲ್ಲಿ ಬಿದ್ದರೆ ದೊಡ್ಡ ದುಡ್ಡು ಕೈಗೆ ಬರುತ್ತದೆ. ನಾನು ಇಷ್ಟು ವರ್ಷ ನೋಡಿದ್ದರಲ್ಲಿ ಇದಕ್ಕಿಂತ ದೊಡ್ಡ ಗುಟ್ಟು ಇಲ್ಲ.

ಕೇರಳ ಸರ್ಕಾರದ ವಸತಿ ಯೋಜನೆಯಾದ ಲೈಫ್ ಮಿಷನ್‌ನಲ್ಲಿ ಮನೆಗೆ 4 ಲಕ್ಷ ರೂಪಾಯಿ ಸಿಗುತ್ತದೆ. ದೂರದ ಒಳನಾಡಿನ ಬುಡಕಟ್ಟು ವಸತಿಗಳಲ್ಲಿ 6 ಲಕ್ಷ. ಪಂಚಾಯತಿನಲ್ಲಿ ಇದನ್ನು ನೋಡಿಕೊಳ್ಳುವವರು ವಿಇಒ, ಅಂದರೆ ಗ್ರಾಮ ವಿಸ್ತರಣಾ ಅಧಿಕಾರಿ. ಪಟ್ಟಿಯಲ್ಲಿ ಹೆಸರು ಇದೆಯಾ, ಎಷ್ಟನೇ ನಂಬರು, ಯಾವ ಕಾಗದ ಬಾಕಿ ಅಂತ ಅವರಲ್ಲೇ ಕೇಳಿ. ಕಡಲಿನಿಂದ 50 ಮೀಟರಿನ ಒಳಗಿರುವ ಮೀನುಗಾರರಿಗೆ 'ಪುನರ್ಗೇಹಂ' ಯೋಜನೆ ಇದೆ. ಜಾಗಕ್ಕೂ ಮನೆಗೂ ಸೇರಿ 10 ಲಕ್ಷ. ಉಪ್ಪಳ, ಮಂಜೇಶ್ವರ, ಕುಂಬಳೆಯ ಕಡಲ ಬದಿಯವರು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಬೇಕು. ಪರಿಶಿಷ್ಟ ಜಾತಿಯವರ ಹಳೆ ಮನೆ ರಿಪೇರಿಗೆ 'ಸೇಫ್' ಅನ್ನುವ ಯೋಜನೆಯಲ್ಲಿ 2 ಲಕ್ಷದ ತನಕ ಸಿಗುತ್ತದೆ.

ಫಾರ್ಮು ಮಲಯಾಳದಲ್ಲಿ ಇದೆ ಅಂತ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಕಾಸರಗೋಡಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡದಲ್ಲಿ ವ್ಯವಹರಿಸುವ ಹಕ್ಕಿದೆ. ಆದರೂ ಎರಡೂ ಭಾಷೆ ಓದಲು ಬರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸಮಿತಿಯಲ್ಲಿ ಇಟ್ಟುಕೊಳ್ಳಿ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಅರ್ಜಿದಾರರ ಜೊತೆ ಹೋಗಲಿ. ಆ ಒಂದು ದಿನದ ಕೆಲಸಕ್ಕೆ 4 ಲಕ್ಷದ ಬೆಲೆ ಇದೆ.

ಈಗ ಸಮಸ್ಯೆ ಎಲ್ಲಿ ಅಂತ ನೋಡಿ. ಯೋಜನೆಯ ದುಡ್ಡು ಕಂತಿನಲ್ಲಿ ಬರುತ್ತದೆ. ಒಂದು ಹಂತದ ಕೆಲಸ ಮುಗಿದು ಅಧಿಕಾರಿ ಬಂದು ನೋಡಿದ ಮೇಲೆ ಮುಂದಿನ ಕಂತು. ಬೀಡಿ ಕಟ್ಟಿ ಬದುಕುವವರ ಕೈಯಲ್ಲಿ ಆ ಹಂತ ಮುಗಿಸಲು ದುಡ್ಡು ಎಲ್ಲಿರುತ್ತದೆ? ಪಂಚಾಂಗ (ಅಡಿಪಾಯ) ಹಾಕಿ ಮೇಸ್ತ್ರಿಗೆ ಕೊಡಲು ಇಲ್ಲದೆ ಕೆಲಸ ನಿಲ್ಲುತ್ತದೆ. ಕೆಲಸ ನಿಂತರೆ ಕಂತೂ ನಿಲ್ಲುತ್ತದೆ. ಕೊನೆಗೆ ಬಡ್ಡಿಗೆ ಸಾಲ ಮಾಡುತ್ತಾರೆ.

ಇಲ್ಲಿ ನಿಮ್ಮ ಸಮಿತಿ ಒಂದು ಕೈಬದಲು ನಿಧಿ ಇಡಬಹುದು. ಒಂದೂವರೆ ಲಕ್ಷ ಸಾಕು. ಕಲ್ಲು, ಸಿಮೆಂಟು, ಕೂಲಿಗೆ ಸಮಿತಿ ಮುಂಗಡ ಕೊಡುತ್ತದೆ. ಕಂತು ಬಂದ ಕೂಡಲೇ ಕುಟುಂಬ ಅದನ್ನು ವಾಪಸು ಕಟ್ಟುತ್ತದೆ. ಬಡ್ಡಿ ಇಲ್ಲ. ಅದೇ ದುಡ್ಡು ಮುಂದಿನ ಹಂತಕ್ಕೆ, ಆಮೇಲೆ ಮುಂದಿನ ಮನೆಗೆ. ಹೊಸ ಮನೆಗೆ ದೇಣಿಗೆ ಎತ್ತುವುದಕ್ಕಿಂತ, ಅರ್ಧಕ್ಕೆ ನಿಂತ ಮನೆಗಳನ್ನು ಹೀಗೆ ಮುಗಿಸಿಕೊಡುವುದು ಎಷ್ಟೋ ಮೇಲು ಅಂತ ನನಗೆ ಅನ್ನಿಸುತ್ತದೆ.

4. ಬೀಗದ ಕೈ ತನಕ ಲೆಕ್ಕ

400 ಚದರಡಿಯ ಮನೆ ಅಂತ ಇಟ್ಟುಕೊಳ್ಳಿ. ಚದರಡಿಗೆ 1,800 ರೂಪಾಯಿ ಹಿಡಿದರೂ 7 ಲಕ್ಷ 20 ಸಾವಿರ ಆಯಿತು. ಲೈಫ್‌ನ 4 ಲಕ್ಷ ಕಳೆದರೆ 3 ಲಕ್ಷ 20 ಸಾವಿರ ಬಾಕಿ. ನೀವು ಎತ್ತಬೇಕಾದದ್ದು ಅಷ್ಟು. ನಿಮ್ಮ ಊರಿನ ಮೇಸ್ತ್ರಿಯ ಹತ್ತಿರ ಈಗಿನ ರೇಟು ಕೇಳಿ ಇದೇ ಲೆಕ್ಕ ಹಾಕಿ.

ಆದರೆ ಈ ಲೆಕ್ಕದಲ್ಲಿ ಬಿಟ್ಟುಹೋಗುವ ಬಾಬುಗಳು ಜಾಸ್ತಿ. ಕಕ್ಕಸಿನ ಗುಂಡಿ. ವೈರಿಂಗ್ ಮತ್ತು ಕರೆಂಟಿನ ಕನೆಕ್ಷನ್. ನೀರಿನ ಪೈಪು. ಹೊರಗಿನ ಗಾರೆ. ಬಾಗಿಲು, ಚಿಲಕ, ಬೀಗ. ಗುಡ್ಡೆಯ ಮನೆಗೆ ತಲೆಹೊರೆಯಲ್ಲಿ ಕಲ್ಲು ಸಾಗಿಸುವ ಕೂಲಿ. ನಮ್ಮ ಮೊದಲ ಮನೆ ನಿಂತದ್ದು ಇದೇ ಸಾಗಾಟದ ಕೂಲಿಯಿಂದ. ಲಾರಿ ಕೆಳಗಿನ ರಸ್ತೆಯಲ್ಲೇ ಕಲ್ಲು ಇಳಿಸಿ ಹೋಯಿತು. ಅಲ್ಲಿಂದ ಮೇಲೆ ಹೊತ್ತದ್ದಕ್ಕೆ ಆದ ಖರ್ಚು ಕಲ್ಲಿನ ಬೆಲೆಯ ಹತ್ತಿರ ಹತ್ತಿರ ಬಂತು. ಈಗ ಇಂಥ ಕಡೆ ಭಾನುವಾರ ಶ್ರಮದಾನ ಇಟ್ಟುಕೊಳ್ಳುತ್ತೇವೆ. ನಲವತ್ತು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರೆ ಒಂದು ಲೋಡು ಕಲ್ಲು ಮಧ್ಯಾಹ್ನದ ಗಂಜಿಯೊಳಗೆ ಮೇಲೆ ಮುಟ್ಟುತ್ತದೆ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ ಕಡೆ ಕಟ್ಟುವವರು ಇನ್ನೊಂದು ನೋಡಬೇಕು. ಗೇರು ತೋಟಗಳಿಗೆ 2000ದ ತನಕ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ನೋವು ತಿಂದ ಮನೆಗಳು ಇಲ್ಲಿ ಇವೆ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳು ಈಗ ದೊಡ್ಡವರಾಗಿದ್ದಾರೆ, ಅವರನ್ನು ಎತ್ತುವ ಅಮ್ಮಂದಿರಿಗೆ ವಯಸ್ಸಾಗಿದೆ. ಇಂಥ ಮನೆಗೆ ಮೆಟ್ಟಿಲು ಬೇಡ, ಇಳಿಜಾರು ಇರಲಿ. ಬಾಗಿಲು ಗಾಲಿಕುರ್ಚಿ ಹೋಗುವಷ್ಟು ಅಗಲ ಇರಲಿ. ಬಚ್ಚಲು ಮನೆಯ ಒಳಗೇ ಇರಲಿ, ನೆಲ ಜಾರದಿರಲಿ, ಗೋಡೆಗೆ ಹಿಡಿಕೆ ಇರಲಿ. ನಕ್ಷೆ ಬರೆಯುವ ಮೊದಲು ಆ ಅಮ್ಮನನ್ನು ಕೇಳಿ: ಮಗನನ್ನು ಸ್ನಾನಕ್ಕೆ ಹೇಗೆ ಒಯ್ಯುತ್ತೀರಿ? ಅವರು ತೋರಿಸಿಕೊಟ್ಟ ಹಾಗೆ ಬಚ್ಚಲು ಕಟ್ಟಿ.

5. ಸಮಿತಿ, ಖಾತೆ, ನೋಂದಣಿ

ಒಂದೇ ಕುಟುಂಬಕ್ಕೆ ಸಹಾಯ ಮಾಡುವುದಾದರೆ ಸಮಿತಿಯ ಹೆಸರಿನಲ್ಲಿ ಒಂದು ಜಂಟಿ ಖಾತೆ ಸಾಕು. ಕನಿಷ್ಠ ಇಬ್ಬರ ಸಹಿ ಇಲ್ಲದೆ ದುಡ್ಡು ಹೊರಗೆ ಬರಬಾರದು. ಯಾರದೋ ಸ್ವಂತ ನಂಬರಿಗೆ ಗೂಗಲ್ ಪೇ ಮಾಡಿಸಿಕೊಳ್ಳಬೇಡಿ. ಎಷ್ಟು ಒಳ್ಳೆಯ ಮನುಷ್ಯ ಆದರೂ ಬೇಡ. ಅವರ ಮೇಲೆ ಒಂದು ಮಾತು ಬಂದರೆ ಇಡೀ ಕೆಲಸ ಹಾಳು.

ವರ್ಷ ವರ್ಷ ಮಾಡುವ ಆಸೆ ಇದ್ದರೆ ನೋಂದಣಿ ಮಾಡಿಸಿ. ಕಾಸರಗೋಡು ಮಲಬಾರಿನ ಭಾಗವಾದ್ದರಿಂದ ಇಲ್ಲಿ ಸಂಘಗಳಿಗೆ 1860ರ ಸೊಸೈಟಿ ನೋಂದಣಿ ಕಾಯ್ದೆ ಅನ್ವಯ. ಕನಿಷ್ಠ ಏಳು ಜನ ಬೇಕು. ಆಮೇಲೆ ಪ್ಯಾನ್ ಕಾರ್ಡು, ಆದಾಯ ತೆರಿಗೆ ಇಲಾಖೆಯ ನೋಂದಣಿ. ದಾನಿಗೆ ತೆರಿಗೆ ವಿನಾಯಿತಿ ಕೊಡುವ, ಎಲ್ಲರೂ 80ಜಿ ಅಂತ ಕರೆಯುವ ಅನುಮೋದನೆ ಸಿಕ್ಕಿದರೆ ದೊಡ್ಡ ಮೊತ್ತ ಕೊಡುವವರು ಮುಂದೆ ಬರುತ್ತಾರೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ದಾನಿಗೆ ಇದನ್ನು ಮೊದಲೇ ಹೇಳಿಬಿಡಿ. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರುಗಳು ಬದಲಾಗಿವೆ. ಹಾಗಾಗಿ ರಶೀದಿ ಅಚ್ಚು ಹಾಕಿಸುವ ಮೊದಲು ಆಡಿಟರಿಗೆ ತೋರಿಸಿ.

ಕಂಪನಿಗಳು ಸಮಾಜ ಸೇವೆಗೆ ಇಡುವ ಸಿಎಸ್‌ಆರ್ ದುಡ್ಡಿಗೆ ಈ ನೋಂದಣಿಗಳ ಜೊತೆ ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು. ಮೊದಲ ವರ್ಷವೇ ಅದರ ಹಿಂದೆ ಓಡಬೇಡಿ.

6. ದುಡ್ಡು ಎತ್ತುವುದು

ಬಿರಿಯಾನಿ ಚಾಲೆಂಜ್ ಎಲ್ಲರಿಗೂ ಗೊತ್ತು. 500 ಪೊಟ್ಟಣ, ಒಂದಕ್ಕೆ 130 ರೂಪಾಯಿ ಅಂದರೆ 65,000. ಪೊಟ್ಟಣಕ್ಕೆ 75 ಖರ್ಚು ಬಿದ್ದರೆ ಉಳಿಯುವುದು 27,500. ಅಕ್ಕಿ, ಕೋಳಿ, ಗ್ಯಾಸು ಯಾರಾದರೂ ದಾನ ಕೊಟ್ಟರೆ ಮಾತ್ರ ದೊಡ್ಡ ಮೊತ್ತ ಉಳಿಯುತ್ತದೆ. ಹಾಗಾಗಿ ಅಂಗಡಿಯವರಿಂದ ದುಡ್ಡು ಕೇಳುವ ಬದಲು ಸಾಮಾನು ಕೇಳಿ. ಸಹಾಯಾರ್ಥ ಯಕ್ಷಗಾನದಲ್ಲೂ ಅಷ್ಟೇ. ಮೇಳದ ಖರ್ಚು, ಚಪ್ಪರ, ಮೈಕು ಕಳೆದರೆ ಎಷ್ಟು ಉಳಿಯುತ್ತದೆ ಅಂತ ಮೊದಲೇ ಬರೆದು ನೋಡಿ. ಗುಜರಿ ಸಂಗ್ರಹಕ್ಕೆ ಖರ್ಚೇ ಇಲ್ಲ. ಹಳೆ ಪೇಪರು, ಕಬ್ಬಿಣ, ಬಾಟಲಿ. ಹುಡುಗರಿಗೆ ಊರಿನ ಎಲ್ಲ ಮನೆಯ ಪರಿಚಯವೂ ಆಗುತ್ತದೆ.

ಬಹುಮಾನದ ಕೂಪನ್ ಮಾಡಬೇಡಿ. ಫ್ರಿಜ್ಜು, ಬೈಕು ಇಟ್ಟು ಡ್ರಾ ಎತ್ತುವುದು ಕಾನೂನಿನ ಕಣ್ಣಿನಲ್ಲಿ ಲಾಟರಿ. ಎಲ್ಲರೂ ಮಾಡುತ್ತಾರೆ ಅನ್ನುವುದು ಕೇಸು ಬಿದ್ದಾಗ ಉಪಯೋಗಕ್ಕೆ ಬರುವುದಿಲ್ಲ.

ಗಲ್ಫಿನಲ್ಲಿರುವ ನಮ್ಮವರ ವಿಷಯದಲ್ಲಿ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರು, ಅಲ್ಲಿನ ಕಂಪನಿ ಅಥವಾ ಸಂಘ ಕೊಟ್ಟರೆ ಅದು ವಿದೇಶಿ ದೇಣಿಗೆ. 2010ರ ವಿದೇಶಿ ದೇಣಿಗೆ ಕಾಯ್ದೆಯಂತೆ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಅದನ್ನು ಮುಟ್ಟಬಾರದು. ಯುಎಇಯಲ್ಲಿ ಪರವಾನಗಿ ಇಲ್ಲದೆ ಸಾರ್ವಜನಿಕವಾಗಿ ದೇಣಿಗೆ ಎತ್ತುವುದೇ ಅಪರಾಧ. ಹಾಗಾಗಿ ದುಬೈಯ ಗೆಳೆಯನಿಗೆ "ಅಲ್ಲಿ ಎಲ್ಲರಿಂದ ಸೇರಿಸಿ ಕಳಿಸು" ಅಂತ ಹೇಳಬೇಡಿ. ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಿಂದ ನೇರ ಕಳಿಸಲಿ.

ಕೇಳುವಾಗ ಆ ಕುಟುಂಬದ ಅಳುವ ಮುಖ ತೋರಿಸಬೇಡಿ. ಆ ಮಕ್ಕಳು ನಾಳೆ ಅದೇ ಶಾಲೆಗೆ ಹೋಗಬೇಕು. ಕಟ್ಟುತ್ತಿರುವ ಗೋಡೆಯ ಫೋಟೊ ಹಾಕಿ, ಖರ್ಚಿನ ಲೆಕ್ಕ ಹಾಕಿ. ನಾವು ತಿಂಗಳಿಗೊಮ್ಮೆ ಲೆಕ್ಕದ ಹಾಳೆಯನ್ನು ಹಾಲು ಸೊಸೈಟಿಯ ಗೋಡೆಗೆ ಅಂಟಿಸುತ್ತಿದ್ದೆವು. ಹಾಲು ಕೊಡಲು ಬಂದವರು ನಿಂತು ಓದುತ್ತಿದ್ದರು. "ಬಾಗಿಲಿಗೆ ಇಷ್ಟು ಯಾಕೆ, ನಮ್ಮಲ್ಲಿ ಹಲಸಿನ ಹಲಗೆ ಇದೆ" ಅಂತ ಒಬ್ಬರು ಕೇಳಿದರು. ಆ ಹಲಗೆಯಲ್ಲೇ ಆಚಾರಿ ಬಾಗಿಲು ಮಾಡಿದರು.

ಬದಿಯಡ್ಕದ ಹತ್ತಿರದ ಕಿಳಿಂಗಾರಿನ ಸಾಯಿರಾಂ ಭಟ್ಟರನ್ನು ಇಲ್ಲಿ ನೆನೆಯದೆ ಇರಲಾಗದು. ಕಾಶಿಯಾತ್ರೆಗೆ ಅಂತ ಕೂಡಿಟ್ಟ ದುಡ್ಡಿನಲ್ಲಿ, ಮಳೆಗೆ ಗುಡಿಸಲು ಕಳೆದುಕೊಂಡ ಒಬ್ಬರಿಗೆ 1995ರಲ್ಲಿ ಮನೆ ಕಟ್ಟಿಕೊಟ್ಟರು. 2022ರ ಜನವರಿಯಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಕೊಟ್ಟ ಮನೆಗಳು 250 ದಾಟಿದ್ದವು. ಮನೆ ಕೊಟ್ಟು ಸುಮ್ಮನಾಗಲಿಲ್ಲ. ಹೊಲಿಗೆ ಮೆಷಿನು ಕೊಟ್ಟರು, ಆಟೊರಿಕ್ಷಾ ಕೊಟ್ಟರು, ನೀರಿಗೂ ದಾರಿ ಮಾಡಿದರು. ಜಾತಿ ಧರ್ಮ ನೋಡಲಿಲ್ಲ. ನಮ್ಮ ಸಮಿತಿಯಲ್ಲಿ "ಈ ಮನೆ ನಮ್ಮವರಿಗೆ ಅಲ್ವಾ" ಅನ್ನುವ ಮಾತು ಎದ್ದಾಗಲೆಲ್ಲ ಯಾರಾದರೂ ಒಬ್ಬರು ಅವರ ಹೆಸರು ಎತ್ತುತ್ತಾರೆ. ಅಲ್ಲಿಗೆ ಆ ಮಾತು ನಿಲ್ಲುತ್ತದೆ.

7. ಯಾವಾಗ ಶುರು ಮಾಡುವುದು

ಅಕ್ಟೋಬರ್ ಕೊನೆಗೆ, ಮಳೆ ಬಿಟ್ಟ ಕೂಡಲೇ. ಮೇ ಮುಗಿಯುವ ಮೊದಲು ಮಾಡು ಕೂರಬೇಕು. ಜನವರಿಯೊಳಗೆ ಪಂಚಾಂಗ ಆಗದಿದ್ದರೆ ಆ ವರ್ಷ ಕಲ್ಲು ಕಟ್ಟಬೇಡಿ, ದುಡ್ಡು ಖಾತೆಯಲ್ಲೇ ಇರಲಿ. ಗಾರೆಗೆ ನೀರು ಬೇಕು, ಏಪ್ರಿಲಿನಲ್ಲಿ ಬಾವಿ ಬತ್ತುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

8. ಮನೆಯ ಸುತ್ತಲಿನ ಊರು

ಒಂದು ಒಳ್ಳೆಯ ಮನೆ, ಸುತ್ತ ಹಾಳು ಬಿದ್ದ ಹತ್ತು ಮನೆ. ಇದನ್ನು ನೋಡಿದ್ದೇನೆ. ಬಡವರಿಗೆ ಒಂದು ಲಕ್ಷ ಮನೆ ಕಟ್ಟಲು 1972ರಲ್ಲಿ ಶುರುವಾದ ಲಕ್ಷಂವೀಡು ಯೋಜನೆಯ ಎಷ್ಟೋ ಮನೆಗಳಲ್ಲಿ ಒಂದೇ ಮಾಡಿನಡಿ, ಒಂದೇ ಗೋಡೆಯ ಆಚೆ ಈಚೆ ಎರಡು ಕುಟುಂಬ. ಒಬ್ಬರು ಕೆಡವಿ ಕಟ್ಟಿದರೆ ಇನ್ನೊಬ್ಬರ ಗೋಡೆ ಬೀಳುತ್ತದೆ. ಇಂಥ ಕಡೆ ಎರಡೂ ಮನೆ ಒಟ್ಟಿಗೆ ಎತ್ತಿಕೊಳ್ಳಬೇಕು.

ಪರಿಶಿಷ್ಟ ಜಾತಿ, ಪಂಗಡದವರ ವಸತಿಗಳಿಗೆ 'ಕಾಲೊನಿ' ಅಂತ ಕರೆಯುವುದನ್ನು ಬಿಡಿ ಅಂತ ಕೇರಳ ಸರ್ಕಾರ 2024ರ ಜೂನಿನಲ್ಲಿ ಆದೇಶ ಮಾಡಿದೆ. ನಗರ ಅನ್ನಿ, ಅಲ್ಲಿನವರು ಇಷ್ಟಪಟ್ಟ ಹೆಸರು ಇಡಿ. ನಿಮ್ಮ ಬ್ಯಾನರಿನಲ್ಲೂ ಹಾಗೇ ಬರೆಯಿಸಿ.

ಏನು ಬೇಕು ಅಂತ ಅಲ್ಲಿನವರೇ ಹೇಳಲಿ. ನಾವು ಒಂದು ಕಡೆ ವಾಚನಾಲಯ ಕಟ್ಟುವ ಉತ್ಸಾಹದಲ್ಲಿ ಹೋಗಿದ್ದೆವು. ಒಬ್ಬ ಅಕ್ಕ ನಮ್ಮನ್ನು ಗುಡ್ಡೆಯ ಏರಿಗೆ ಕರೆದುಕೊಂಡು ಹೋಗಿ ತೋರಿಸಿದರು. ಆಂಬುಲೆನ್ಸ್ ಕೆಳಗೇ ನಿಲ್ಲುತ್ತದೆ. ಹುಷಾರಿಲ್ಲದವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು, ಜಾರುವ ಮುರಕಲ್ಲಿನ ಮೇಲೆ ಇಳಿಸಬೇಕು. "ಹೆರಿಗೆಗೆ ಹೋದ ನನ್ನ ಸೊಸೆಯನ್ನು ಹೀಗೇ ಇಳಿಸಿದ್ದು" ಅಂದರು. ವಾಚನಾಲಯದ ಮಾತು ಅಲ್ಲಿಗೆ ಬಿಟ್ಟೆವು. ಮೇಲಿನ ತೋಟದವರ ಕಾಲು ಹಿಡಿದು ಎಂಟು ಅಡಿ ದಾರಿಗೆ ಒಪ್ಪಿಗೆಪತ್ರ ಬರೆಸಿಕೊಂಡೆವು. ಕಾಗದದ ಖರ್ಚು ಮಾತ್ರ ನಮ್ಮದು. ಕಾಂಕ್ರೀಟು ಪಂಚಾಯತಿನದು.

ದೇಣಿಗೆಯ ದುಡ್ಡನ್ನು ಸರ್ಕಾರ ಮಾಡಬೇಕಾದ ಕೆಲಸಕ್ಕೆ ಸುರಿಯಬೇಡಿ. ಬೀದಿ ದೀಪ, ರಸ್ತೆ, ಕುಡಿಯುವ ನೀರು ಗ್ರಾಮಸಭೆಯಲ್ಲಿ ಕೇಳಿ ಪಡೆಯಬೇಕಾದದ್ದು. ಪರಿಶಿಷ್ಟ ಜಾತಿಯವರ ವಸತಿಗಳಿಗೆ ಅಂಬೇಡ್ಕರ್ ಗ್ರಾಮ ಯೋಜನೆಯಲ್ಲಿ 1 ಕೋಟಿಯ ತನಕ ಕೆಲಸ ಆಗುತ್ತದೆ. ನಿಮ್ಮ ದುಡ್ಡು ಯೋಜನೆ ಮುಟ್ಟದ ಕಡೆ ಹೋಗಲಿ: ನೀರಿಗಾಗಿ ಗುಡ್ಡೆಗೆ ಕೊರೆದ ಹಳೆ ಸುರಂಗದ ಹೂಳು ತೆಗೆಸಲು, ಬಾವಿಗೆ ಕಟ್ಟೆ ಕಟ್ಟಲು, ಹೊಲಿಗೆ ಮೆಷಿನು ಕೊಳ್ಳಲು. ಗ್ರಾಮಸಭೆಗೆ ಅಲ್ಲಿನ ಹೆಂಗಸರನ್ನು ಜೀಪು ಮಾಡಿ ಕರೆದುಕೊಂಡು ಹೋಗುವುದಕ್ಕೂ ದುಡ್ಡು ಇಡಿ. ಅವರ ಬಾಯಿಂದಲೇ ಬೇಡಿಕೆ ಬರಲಿ.

9. ಒಕ್ಕಲಾದ ಮೇಲೆ

ಬೀಗದ ಕೈ ಕೊಡುವ ದಿನ ವೇದಿಕೆ ಬೇಡ. ಹಾಲು ಉಕ್ಕಿಸಲಿ, ಪಾಯಸ ಮಾಡಿ, ನೆರೆಹೊರೆಯವರು ಉಣ್ಣಲಿ. ದಾನಿಯ ಹೆಸರನ್ನು ಮನೆಯ ಗೋಡೆಗೆ ಹಾಕಿಸಬೇಡಿ. ಅದು ಅವರ ಮನೆ. ಹೆಸರೆಲ್ಲ ಲೆಕ್ಕದ ಹಾಳೆಯಲ್ಲಿ ಇದ್ದೇ ಇದೆ. ಮನೆ ನಂಬರು, ಕರೆಂಟಿನ ಮೀಟರು, ರೇಷನ್ ಕಾರ್ಡಿನ ವಿಳಾಸ ಇವೆಲ್ಲ ಆ ಮನೆಯವರ ಹೆಸರಿಗೆ ಆಗುವ ತನಕ ನಿಮ್ಮ ಫೈಲು ಮುಚ್ಚಬೇಡಿ.

ಖಾತೆಯಲ್ಲಿ 5,000 ರೂಪಾಯಿ ಬಾಕಿ ಇಟ್ಟಿರಿ. ಜೂನಿನ ಮೊದಲ ದೊಡ್ಡ ಮಳೆ ಬಂದ ಮರುದಿನ ಮೇಸ್ತ್ರಿಯನ್ನು ಕರೆದುಕೊಂಡು ಆ ಮನೆಗೆ ಹೋಗಿ. ಸ್ಲ್ಯಾಬಿನ ಮೂಲೆ, ಕಿಟಕಿಯ ಮೇಲ್ಭಾಗ, ಅಡುಗೆಮನೆಯ ಹಿಂದಿನ ಗೋಡೆ ಮುಟ್ಟಿ ನೋಡಿ. ತೇವ ಇದ್ದರೆ ಅವತ್ತೇ ಗುರುತು ಹಾಕಿ. ನಾವು ಹಾಗೆ ಹೋದ ದಿನ ಆ ಅಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ನೀಲಿ ಟರ್ಪಾಲನ್ನು ಮಡಚಿ ಸೌದೆಯ ಮೇಲೆ ಹೊದಿಸಿದ್ದರು. "ಒಳಗೆ ಬನ್ನಿ ಮಕ್ಕಳೇ, ಕಾಲು ಒದ್ದೆ ಇದ್ದರೂ ಅಡ್ಡಿಯಿಲ್ಲ" ಅಂದರು.